ಅಪ್ಪನ ಪ್ರಶ್ನೆಗೆ ಜಿನೀವಾದಿಂದ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಒಂದು ಹನಿಯೂ ಸೋರದೆ ತಲುಪಿದೆ ಎಂದು ಹೇಳಿ.

ಉಡುಪಿ ಮಠದ ರಾಜಾಂಗಣದಲ್ಲಿ ಪ್ರವಚನ ಕೇಳಿ ಬಂದ ರಾತ್ರಿ ನೀವು ಕೇಳಿದ್ದು ಫೋನಿನಲ್ಲಿ ಮುಗಿಯುವ ಮಾತಲ್ಲ. “ದೇಶ-ಕಾಲ, ಅಂದರೆ ಜಾಗ ಮತ್ತು ಹೊತ್ತು, ಮೂಲದಲ್ಲಿ ಇಲ್ಲವೇ ಇಲ್ಲ ಅಂತ ನಿಮ್ಮ ಭೌತವಿಜ್ಞಾನದವರು ಹೇಳುವುದಾದರೆ, ಅವರೂ ಅದ್ವೈತಿಗಳ ಹಾಗೆ ಜಗತ್ತು ಮಿಥ್ಯೆ ಅಂದ ಹಾಗೇ ಆಯ್ತಲ್ಲ?”

ಹಾಗಲ್ಲ ಅಪ್ಪ. ಐನ್‌ಸ್ಟೈನ್ 1915ರಲ್ಲಿ ಗುರುತ್ವ ಎಂದರೆ ದೇಶಕಾಲದ ಬಾಗುವಿಕೆ ಎಂದು ತೋರಿಸಿದರು. ಅದನ್ನು ಪರಮಾಣುಗಳ ಲೋಕವನ್ನು ಆಳುವ ಕ್ವಾಂಟಂ ನಿಯಮಗಳ ಜೊತೆ ಕೂಡಿಸಲು ಹೋದಾಗ ತೊಡಕು ಶುರು. ಹಾಗೆ ಕೂಡಿಸಲು ಭೌತವಿಜ್ಞಾನಿ ಬ್ರೈಸ್ ಡಿವಿಟ್ 1967ರಲ್ಲಿ ಪ್ರಕಟಿಸಿದ ಸಮೀಕರಣವನ್ನು ನಮ್ಮ ಮೇಷ್ಟ್ರು ತರಗತಿಯ ಬೋರ್ಡಿನ ಮೇಲೆ ಬರೆದರು: ಎಡಕ್ಕೆ ಎರಡೇ ಅಕ್ಷರ, ಬಲಕ್ಕೆ ಸೊನ್ನೆ. ಕಾಲದ ಗುರುತು ಎಲ್ಲೂ ಇಲ್ಲ. ಇಡೀ ವಿಶ್ವಕ್ಕೆಂದು ಬರೆದದ್ದು, ಅದರಲ್ಲಿ ನಿನ್ನೆ-ನಾಳೆಗಳೇ ಇಲ್ಲ! ಭೌತವಿಜ್ಞಾನಿ ಅಭಯ್ ಅಷ್ಟೇಕರ್ ಅವರ 1986ರ ಕೆಲಸದಿಂದ ಬೆಳೆದ, ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಕೂಡಿಸಲು ನೋಡುವ ಲೂಪ್ ಸಿದ್ಧಾಂತದಲ್ಲಿ ಜಾಗವೂ ಅಖಂಡವಲ್ಲ. 10⁻³⁵ ಮೀಟರಿನ ಆಸುಪಾಸಿನಲ್ಲಿ ಬಿಡಿಬಿಡಿ. ಆ ಬಿಡಿಗಳು ಯಾವ ಜಾಗದಲ್ಲೂ ಕೂತಿಲ್ಲ, ಅವುಗಳ ನಡುವಿನ ಸಂಬಂಧವೇ ನಮಗೆ ಜಾಗವಾಗಿ ಕಾಣಬೇಕು.

ಆದರೆ ಮೂಲದಲ್ಲಿಲ್ಲದ್ದೆಲ್ಲ ಸುಳ್ಳಲ್ಲ. ಗಂಜಿಯ ಒಂದು ಅಣುವನ್ನು ಹಿಡಿದು ನೋಡಿದರೆ ಅದಕ್ಕೆ ಬಿಸಿ ಎಂಬುದಿಲ್ಲ. ಕೋಟ್ಯಂತರ ಅಣುಗಳ ಓಡಾಟ ಸೇರಿದರೇ ಬಿಸಿ. ಹಾಗೆಂದು ನಾಲಿಗೆ ಸುಟ್ಟದ್ದು ಮಿಥ್ಯೆಯೇ? ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಕಷ್ಟ ಇರುವುದು ಇದರಾಚೆ. ಅಣುಗಳು ಓಡಾಡಲು ಜಾಗವುಂಟು, ಹೊತ್ತುಂಟು. ಆ ಎರಡನ್ನೇ ಕೊಡಬೇಕಾದ ವಸ್ತುವಿಗೆ ಅಂಥ ಆಸರೆಯೇ ಇಲ್ಲ. ಹುಟ್ಟಿತು ಎನ್ನಲು ಮೊದಲು-ಆಮೇಲೆ ಬೇಕು, ಕೂಡಿಕೊಂಡಿತು ಎನ್ನಲು ಅಕ್ಕಪಕ್ಕ ಬೇಕು.

ನನ್ನ ನಿದ್ದೆ ಕೆಡಿಸಿರುವುದು ಇನ್ನೊಂದು. ಪ್ರಯೋಗ ಎಂದರೆ ಇಂಥ ಹೊತ್ತಿನಲ್ಲಿ, ಇಂಥ ಮೇಜಿನ ಮೇಲೆ, ಮಾಪಕದ ಮುಳ್ಳು ಇಂಥ ಗೆರೆಗೆ ಬಂದು ನಿಂತಿತು ಎಂಬುದು ತಾನೇ? ದೇಶ-ಕಾಲ ಇಲ್ಲವೆನ್ನುವ ಸಿದ್ಧಾಂತ ತನ್ನ ಪುರಾವೆಯನ್ನೇ ಅಳಿಸಿಕೊಂಡಂತೆ. ತತ್ತ್ವಶಾಸ್ತ್ರಜ್ಞರಾದ ನಿಕ್ ಹಗೆಟ್ ಮತ್ತು ಕ್ರಿಸ್ಟಿಯಾನ್ ವೂಟ್ರಿಖ್ 2013ರ ಪ್ರಬಂಧವೊಂದರಲ್ಲಿ ಈ ಆಕ್ಷೇಪವನ್ನೇ ಎದುರಿಸಿದ್ದಾರೆ: ಮೂಲದಲ್ಲಿ ಇಲ್ಲದಿದ್ದರೂ ಸರಿ, ಸಿದ್ಧಾಂತದೊಳಗಿಂದ ದೇಶಕಾಲವನ್ನು ಸಾಧಿಸಿ ತೋರಿಸಿದರೆ ಮುಳ್ಳೂ ಗೆರೆಯೂ ಉಳಿದಾವು. ಆ ಸಾಧನೆ ಬರೀ ಗಣಿತದ ಕಸರತ್ತಾದರೆ ಸಾಲದು, ಅದಕ್ಕೆ ಭೌತಿಕ ಅರ್ಥವೂ ಇರಬೇಕು. ನನಗೆ ಇದು ಸರಿ ಅನ್ನಿಸುತ್ತದೆ. ಇನ್ನು ಕೆಲವರು, ಅಳತೆಕೋಲು-ಗಡಿಯಾರಗಳಿಗೆ ಬೇಕಾದ ಕೆಲಸವನ್ನು ಯಾವುದು ಮಾಡುತ್ತದೋ ಅದೇ ದೇಶಕಾಲ, ಬೇರೇನೂ ಉಳಿಯುವುದಿಲ್ಲ ಎನ್ನುತ್ತಾರೆ. ಇದನ್ನು ಒಪ್ಪಲು ನನ್ನಿಂದಾಗುತ್ತಿಲ್ಲ. ಕಾಲ ಸರಿಯುತ್ತಿದೆ ಎಂದು ಗಡಿಯಾರವಿಲ್ಲದೆಯೂ ತಿಳಿಯುತ್ತದಲ್ಲ, ಅದರ ಗತಿಯೇನು?

ಮಧ್ವಾಚಾರ್ಯರ ಮತದಲ್ಲಿ ಕಾಲವನ್ನೂ ಅವ್ಯಾಕೃತ ಆಕಾಶವನ್ನೂ (ಎಂದೂ ಬದಲಾಗದ ಬರೀ ಜಾಗ) ಸಾಕ್ಷಿಯೇ, ಅಂದರೆ ಜೀವನ ಒಳಗಿನ ಅರಿವೇ, ನೇರವಾಗಿ ಬಲ್ಲದು ಎಂದು ನಿಮ್ಮಿಂದಲೇ ಕೇಳಿದ್ದು. “ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ” ಎನ್ನುವವನಿಗೆ ಗಾಢನಿದ್ದೆಯಲ್ಲೂ ಕಾಲದ ಅರಿವಿತ್ತು ಎಂಬ ವಾದವೂ ಉಂಟಲ್ಲ. ಸಾಕ್ಷಿಗೆ ಗೊತ್ತಾಗುವುದು ಕಾಲದ ಇರುವಿಕೆ ಮಾತ್ರವೋ, ಅದರ ಹರಿವೂ ಹೌದೋ? ಪ್ರವಚನ ಮುಗಿದ ಮೇಲೆ ಅಲ್ಲಿನ ವಿದ್ವಾಂಸರೊಬ್ಬರನ್ನು ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸಿ. ನನ್ನ ಪ್ರಬಂಧಕ್ಕೆ ಅದು ನಿಜವಾಗಿಯೂ ಬೇಕು.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು