ಗ್ಲೈಡ್ ಅನುಪಾತವೊಂದೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುರವಣಿಯಲ್ಲಿ ಎಂಜಿನ್ ಬಲವಿಲ್ಲದೆ ತೇಲುವ ವಿಮಾನಗಳಾದ ಗ್ಲೈಡರ್‌ಗಳ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಜೊತೆಗಿದ್ದ ಕೋಷ್ಟಕದ ಬಗ್ಗೆ ಮಾತ್ರ ತಕರಾರಿದೆ. ಬರೀ ಗ್ಲೈಡ್ ಅನುಪಾತ ನೋಡಿ ಅದರಲ್ಲಿ ಸ್ಥಾನ ಕೊಡಲಾಗಿದೆ: ತುದಿಯಿಂದ ತುದಿಗೆ 30.9 ಮೀಟರ್ ರೆಕ್ಕೆಯ ಜರ್ಮನಿಯ ಎಟಾ ಗ್ಲೈಡರ್ 70ರ ಅನುಪಾತದೊಂದಿಗೆ ಮೇಲೆ, 18 ಮೀಟರಿನ ಎಎಸ್‌ಜಿ 29 ಸುಮಾರು 52ರೊಂದಿಗೆ ಎಷ್ಟೋ ಕೆಳಗೆ. ನಿಶ್ಚಲ ಗಾಳಿಯಲ್ಲಿ ಒಂದು ಕಿ.ಮೀ. ಎತ್ತರ ಕಳೆದುಕೊಳ್ಳುವಷ್ಟರಲ್ಲಿ 70 ಅಥವಾ 52 ಕಿ.ಮೀ. ಸಾಗುತ್ತದೆ ಎಂಬುದಷ್ಟೇ ಇದರ ಅರ್ಥ. ಅದೂ ಒಂದು ನಿರ್ದಿಷ್ಟ ವೇಗದಲ್ಲಿ. ಥರ್ಮಲ್‌ಗಳು (ಮೇಲೇರುವ ಬಿಸಿಗಾಳಿ; ಇದರಲ್ಲಿ ಸುತ್ತುತ್ತಲೇ ಗ್ಲೈಡರ್ ಎತ್ತರ ಗಳಿಸುವುದು) ಬಲವಾಗಿರುವ ದಿನ ಸ್ಪರ್ಧೆಯಲ್ಲಿ ಆ ವೇಗಕ್ಕಿಂತ ಬಹಳ ಜೋರಾಗಿಯೇ ಹಾರುತ್ತಾರೆ.

ಉದ್ದ ರೆಕ್ಕೆ ತಗ್ಗಿಸುವುದು ನಿಧಾನವಾಗಿ ಹಾರುವಾಗ ಹೆಚ್ಚಾಗುವ ತಡೆಯನ್ನು. ವೇಗ ಏರಿದಂತೆ ರೆಕ್ಕೆಯ ಮೇಲ್ಮೈಗೆ ಗಾಳಿ ಉಜ್ಜುವ ತಡೆಯೇ ಮೇಲುಗೈ ಪಡೆಯುತ್ತದೆ. ಆಗ ಲೆಕ್ಕಕ್ಕೆ ಬರುವುದು ಪ್ರತಿ ಚದರ ಮೀಟರ್ ರೆಕ್ಕೆ ಎಷ್ಟು ಭಾರ ಹೊತ್ತಿದೆ ಎಂಬುದು. ಎಟಾದ ರೆಕ್ಕೆ 18.6 ಚದರ ಮೀಟರ್. ಅದು ಸ್ಪರ್ಧಿಸುವ, ರೆಕ್ಕೆಯ ಉದ್ದಕ್ಕೆ ಮಿತಿಯಿಲ್ಲದ ಓಪನ್ ಕ್ಲಾಸ್ ವಿಭಾಗದಲ್ಲಿ ತೂಕದ ಮಿತಿ 850 ಕೆ.ಜಿ.; ಅಂದರೆ ಚದರ ಮೀಟರಿಗೆ ಸುಮಾರು 46 ಕೆ.ಜಿ. ಎಎಸ್‌ಜಿ 29 ತನ್ನ 10.5 ಚದರ ಮೀಟರ್ ರೆಕ್ಕೆಯ ಮೇಲೆ 600 ಕೆ.ಜಿ. ಹೊರುತ್ತದೆ: ಚದರ ಮೀಟರಿಗೆ 57. ಈ ಹೊರೆ ಹೆಚ್ಚಿದ್ದಷ್ಟೂ ಗ್ಲೈಡರಿನ ಅತ್ಯುತ್ತಮ ಅನುಪಾತ ಹೆಚ್ಚಿನ ವೇಗದಲ್ಲಿ ಸಿಗುತ್ತದೆ. ವೇಗ ಏರಿದಷ್ಟೂ ದೊಡ್ಡದರ ಅನುಕೂಲ ಕರಗುತ್ತಾ ಹೋಗುವುದು ಇದರಿಂದಲೇ.

ಇದಕ್ಕೆ ಉತ್ತರವಾಗಿ ಬಂದದ್ದು ಕಾಂಕಾರ್ಡಿಯಾ ಎಂಬ ಗ್ಲೈಡರ್. ಹರವು 28 ಮೀಟರ್, ರೆಕ್ಕೆ ಬರೀ 13.8 ಚದರ ಮೀಟರ್, ಹೊರೆ ಚದರ ಮೀಟರಿಗೆ 61 ಕೆ.ಜಿ.ಗೂ ಮೇಲೆ. ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ ನೋಡಿ: ಅದರ ರೆಕ್ಕೆಯ ಸರಾಸರಿ ಅಗಲ 49 ಸೆಂ.ಮೀ. ಅಷ್ಟು ಕಿರಿದಾದ, ತೆಳುವಾದ ರೆಕ್ಕೆಯೊಳಗೇ ಕಾರ್ಬನ್ ನಾರಿನ ತೊಲೆ, ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಗಳಾದ ಫ್ಲ್ಯಾಪ್–ಐಲೆರಾನ್‌ಗಳ ಸರಳುಗಳು, ಭಾರ ಹೆಚ್ಚಿಸಲು ತುಂಬುವ ನೀರು ಎಲ್ಲಕ್ಕೂ ಜಾಗ ಹೊಂದಿಸಬೇಕು.

ತಿರುಗುವಾಗಿನ ಕಷ್ಟ ಇನ್ನೊಂದು. ಗಂಟೆಗೆ 100 ಕಿ.ಮೀ. ವೇಗದಲ್ಲಿ 40 ಡಿಗ್ರಿ ವಾಲಿ ಸುತ್ತುವಾಗ ವೃತ್ತದ ತ್ರಿಜ್ಯ ಸುಮಾರು 94 ಮೀಟರ್. ಆಗ ಎಟಾದ ಒಳತುದಿಯ ವೇಗ ಸುಮಾರು 87, ಹೊರತುದಿಯದ್ದು 113. ಒಳತುದಿ ಸ್ಟಾಲ್‌ಗೆ, ಅಂದರೆ ಎತ್ತುವ ಬಲ ಕುಸಿಯುವ ಸ್ಥಿತಿಗೆ, ಹತ್ತಿರವಾಗುತ್ತದೆ. ವಾಲುವಿಕೆ ಹೆಚ್ಚದಂತೆ ಪೈಲಟ್ ನಿಯಂತ್ರಣ ಕೋಲನ್ನು ಹೊರಗಡೆಗೆ ಹಿಡಿದೇ ಇರಬೇಕು. 15 ಮೀಟರ್ ರೆಕ್ಕೆಯ ಗ್ಲೈಡರಿನಲ್ಲಿ ಈ ವ್ಯತ್ಯಾಸ ಅರ್ಧದಷ್ಟೂ ಇಲ್ಲ.

ನೀರು ತುಂಬಿದರೆ ಗ್ಲೈಡರ್ ಹೆಚ್ಚು ದೂರ ಹೋಗುತ್ತದೆ ಎಂಬ ಮಾತೂ ಸರಿಯಲ್ಲ. ಅನುಪಾತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದು ಸಿಗುವ ವೇಗ ಏರುತ್ತದೆ. 400 ಕೆ.ಜಿ.ಯನ್ನು 600ಕ್ಕೆ ಏರಿಸಿದರೆ 100 ಕಿ.ಮೀ. ಇದ್ದದ್ದು ಸುಮಾರು 122 ಆಗುತ್ತದೆ. ಸುತ್ತಿನ ತ್ರಿಜ್ಯವೂ ಒಂದೂವರೆ ಪಟ್ಟಾಗುತ್ತದೆ. ಕಿರಿದಾದ, ದುರ್ಬಲ ಥರ್ಮಲ್‌ನಲ್ಲಿ ನೀರು ಚೆಲ್ಲದೆ ವಿಧಿಯಿಲ್ಲ. ಚೆಲ್ಲುವಾಗಲೂ ಎಚ್ಚರ ಬೇಕು. ರೆಕ್ಕೆಯ ನೀರು ಖಾಲಿಯಾಗಿ, ಬಾಲದ ತೊಟ್ಟಿಯ ಕವಾಟ ಹಿಮಗಟ್ಟಿ ತೆರೆಯದೇ ಹೋದರೆ ಗುರುತ್ವಕೇಂದ್ರ ಹಿಂದಕ್ಕೆ ಸರಿದು ಸ್ಪಿನ್‌ನಿಂದ (ಸ್ಟಾಲ್ ಆಗಿ ಸುತ್ತುತ್ತಾ ಕೆಳಗೆ ಬೀಳುವುದು) ಹೊರಬರುವುದು ಕಷ್ಟವಾಗುತ್ತದೆ. ಒಂದೇ ರೆಕ್ಕೆಯ ಕವಾಟ ಸಿಕ್ಕಿಕೊಂಡರೆ ಭಾರವಾದ ಬದಿ ಇಳಿಯುವಾಗ ನೆಲಕ್ಕೆ ತಾಗಿ ಗ್ಲೈಡರ್ ಗಿರಕಿ ಹೊಡೆಯಬಹುದು. ಹಾರುವ ಮೊದಲು ಪ್ರತಿ ಕವಾಟವನ್ನೂ ತೆರೆದು ಮುಚ್ಚಿ ನೋಡುವುದು ಇದಕ್ಕೇ.

ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿರುವ ವಿಂಗ್‌ಲೆಟ್ ವಿಚಾರ ಚಿಕ್ಕದು: ಸುತ್ತುವಾಗ ಲಾಭ, ನೇರವಾಗಿ ವೇಗದಿಂದ ಓಡುವಾಗ ಅದೇ ಹೆಚ್ಚುವರಿ ಮೇಲ್ಮೈ.

ಮುಂದೆ ಇಂಥ ಕೋಷ್ಟಕ ಹಾಕುವಾಗ ರೆಕ್ಕೆಯ ವಿಸ್ತೀರ್ಣ, ಗರಿಷ್ಠ ತೂಕ, ಗ್ಲೈಡ್ ಅನುಪಾತ ಸಿಗುವ ವೇಗ ಈ ಮೂರನ್ನೂ ಸೇರಿಸಿ. ಎಟಾ ಇಬ್ಬರು ಕೂರುವಂಥದ್ದು, ಎಎಸ್‌ಜಿ 29 ಒಬ್ಬರದ್ದು ಎಂಬುದನ್ನೂ ಅಡಿಟಿಪ್ಪಣಿಯಲ್ಲಾದರೂ ಹೇಳಿ.

— ಓದುಗ, ಮೈಸೂರು