ದೇಶ ಆಮೇಲೆ, ಪೇಪರ್ ಪಟ್ಟಿ ಮೊದಲು

ಚಿ. ಪುಟ್ಟಿಗೆ ಆಶೀರ್ವಾದಗಳು.

ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬರುವ ಎಕ್ಸ್‌ಚೇಂಜ್‌ಗೆ ಹೋಗಬೇಕೆಂದು ಮೂರು ದೇಶಗಳ ಹೆಸರು ಬರೆದು, ಯಾವುದು ವಾಸಿ ಎಂದು ಕೇಳಿದ್ದೀಯ. ಮೂರೂ ವಾಸಿಯೇ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಅಲ್ಲಿ ಓದಿದ ಯಾವ ಯಾವ ಪೇಪರನ್ನು ನಿನ್ನ ವಿಭಾಗ ತನ್ನದೆಂದು ಒಪ್ಪಿಕೊಳ್ಳುತ್ತದೆ, ಅದನ್ನು ಕೇಳು. ಇದಕ್ಕೆ ಉತ್ತರ ಪಡೆಯದೆ ಹೊರಟವರು ಒಂದು ಸೆಮಿಸ್ಟರ್ ಹೊರಗಿದ್ದು ಬಂದು, ಅದೇ ಪೇಪರುಗಳನ್ನು ಮತ್ತೆ ಓದಿ, ಡಿಗ್ರಿಯನ್ನು ತಡವಾಗಿ ಮುಗಿಸುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸಿಕೋ. ಎಕ್ಸ್‌ಚೇಂಜ್ ಅಂದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿದ್ದು, ನೀನು ಫೀಸನ್ನು ತವರು ವಿಶ್ವವಿದ್ಯಾಲಯಕ್ಕೇ ಕಟ್ಟುವುದು. ಅಲ್ಲಿ ಬೋಧನಾ ಶುಲ್ಕ ಮಾಫಿ. ಒಪ್ಪಂದವಿಲ್ಲದೆ ನೀನಾಗಿಯೇ ಅರ್ಜಿ ಹಾಕಿ ಒಂದು ಸೆಮಿಸ್ಟರ್ ಓದಿ ಬರುವುದೂ ಉಂಟು. ಆಗ ಅಲ್ಲಿಯ ಫೀಸು ನಿನ್ನದೇ ತಲೆಯ ಮೇಲೆ. ಇನ್ನೊಂದು ವಿಷಯ: ಎಷ್ಟೋ ಒಪ್ಪಂದಗಳು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದು ವಿಭಾಗಕ್ಕೆ ಮಾತ್ರ ಅನ್ವಯಿಸುತ್ತವೆ. ಹೆಸರು ಪಟ್ಟಿಯಲ್ಲಿದೆ ಎಂದು ಹಿಗ್ಗಬೇಡ. ನಿನ್ನ ವಿಭಾಗಕ್ಕೆ, ನಿನ್ನ ಹಂತಕ್ಕೆ ಎಷ್ಟು ಸೀಟು ಎಂದು ಅಂತರರಾಷ್ಟ್ರೀಯ ವಿಭಾಗದ ಕಚೇರಿಯಲ್ಲಿ ಕೇಳು.

ಕೆಲಸ ಶುರುಮಾಡಲು ಹೊರಡುವ ದಿನಕ್ಕೆ ಹದಿನೈದು ತಿಂಗಳು ಮೊದಲು ಸರಿಯಾದ ಹೊತ್ತು. ಅಷ್ಟೇಕೆ ಎನ್ನುತ್ತೀಯ. ಮೊದಲು ತವರಿನಲ್ಲೇ ಆಯ್ಕೆಯಾಗಬೇಕು, ಆಮೇಲೆ ಅವರು ನಿನ್ನ ಹೆಸರನ್ನು ನಾಮನಿರ್ದೇಶನ ಮಾಡಬೇಕು, ಅದಾದ ಮೇಲಷ್ಟೇ ಅಲ್ಲಿಗೆ ಅರ್ಜಿ, ಪ್ರವೇಶ ಪತ್ರ, ಕೊನೆಗೆ ವೀಸಾ. ಒಂದು ಮುಗಿಯದೆ ಇನ್ನೊಂದು ಶುರುವಾಗದು. ಅಲ್ಲಿಯವರ ವೆಬ್‌ಸೈಟಿನಲ್ಲಿ ಕಾಣುವ ಕೊನೆಯ ದಿನಾಂಕ ನೋಡಿ ನೆಮ್ಮದಿಯಾಗಿ ಕೂತರೆ ಕೆಟ್ಟೆ. ತವರಿನ ಆಯ್ಕೆ ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆ ಮುಗಿದಿರುತ್ತದೆ. ಭಾಷಾ ಪರೀಕ್ಷೆ ಬೇಕಾಗಿದ್ದರೆ ಈಗಲೇ ಬರೆ. ಐಇಎಲ್‌ಟಿಎಸ್, ಟೋಫೆಲ್ ಅಂಕಗಳು ಎರಡು ವರ್ಷ ಚಾಲ್ತಿಯಲ್ಲಿರುತ್ತವೆ, ಬೇಗ ಬರೆದರೆ ನಷ್ಟವಿಲ್ಲ.

ಈಗ ಕ್ಯಾಲೆಂಡರ್ ತೆಗೆ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠಗಳು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ, ಪರೀಕ್ಷೆ ಅದರಾಚೆಗೂ ಹೋಗಬಹುದು. ಆಸ್ಟ್ರೇಲಿಯಾದಲ್ಲಿ ವರ್ಷ ಶುರುವಾಗುವುದೇ ಫೆಬ್ರವರಿ ಕೊನೆಗೆ. ಜಪಾನಿನಲ್ಲಿ ಏಪ್ರಿಲ್. ಅಮೆರಿಕದಲ್ಲಿ ಆಗಸ್ಟ್ ಕೊನೆ, ಇಲ್ಲವೇ ಜನವರಿ. ನಿನ್ನ ತವರಿನ ಮುಂದಿನ ಸೆಮಿಸ್ಟರ್ ಜನವರಿಯಲ್ಲಿ ಶುರುವಾಗುವುದಾದರೆ, ಫೆಬ್ರವರಿಯಲ್ಲಿ ಜರ್ಮನಿಯ ಪರೀಕ್ಷೆ ಬರೆಯುತ್ತಾ ಆ ತರಗತಿಯಲ್ಲಿ ಕೂರಲಾಗುವುದಿಲ್ಲ. ಎರಡೂ ಕಡೆಯ ಮೊದಲ ದಿನ, ಪರೀಕ್ಷೆಯ ಕೊನೆಯ ದಿನ, ಮರುಪರೀಕ್ಷೆಯ ದಿನ, ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆ. ಮರುಪರೀಕ್ಷೆ ಬಹಳ ಮಂದಿಗೆ ಮರೆತೇಹೋಗುತ್ತದೆ. ಮನೆಗೆ ಮರಳಿದ ಮೇಲೆ ಒಂದು ಪೇಪರ್ ಫೇಲು ಎಂದು ತಿಳಿದರೆ ಅದೊಂದಕ್ಕಾಗಿ ವಿಮಾನ ಹತ್ತಬೇಕು. ಕೊನೆಯ ಸೆಮಿಸ್ಟರಿನಲ್ಲಂತೂ ಹೋಗಲೇಬೇಡ. ಅಲ್ಲಿಂದ ಅಂಕಪಟ್ಟಿ ಬರಲು ಪರೀಕ್ಷೆ ಮುಗಿದು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ನಿನ್ನ ಡಿಗ್ರಿಯೇ ತಡೆದು ನಿಲ್ಲುತ್ತದೆ.

ಇನ್ನು ಕ್ರೆಡಿಟ್. ಯುರೋಪಿನ ವಿಶ್ವವಿದ್ಯಾಲಯಗಳು ಓದಿನ ಭಾರ ಅಳೆಯುವ ಇಸಿಟಿಎಸ್ ಲೆಕ್ಕದಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ, ಮನೆಯಲ್ಲಿ ಕೂತು ಓದುವುದೂ ಸೇರಿ. ಅಮೆರಿಕದ ಕ್ರೆಡಿಟ್ ಬೇರೆ ಅಳತೆ; ಅಲ್ಲಿ ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ 12 ಇದ್ದರೆ ಪೂರ್ಣಾವಧಿ, 15 ವಾಡಿಕೆ. ಸುಮಾರಾಗಿ ಎರಡು ಇಸಿಟಿಎಸ್‌ಗೆ ಒಂದು ಅಮೆರಿಕನ್ ಕ್ರೆಡಿಟ್ ಎಂದು ಲೆಕ್ಕ ಹಾಕುತ್ತಾರೆ, ಆದರೆ ನಿನ್ನ ವಿಶ್ವವಿದ್ಯಾಲಯದ ಪರಿವರ್ತನೆಯ ನಿಯಮವೇ ಅಂತಿಮ. ಗ್ರೇಡೂ ಹಾಗೆಯೇ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಗಡಿ. ಫ್ರಾನ್ಸಿನಲ್ಲಿ 20ಕ್ಕೆ 10 ಬಂದರೆ ಪಾಸು, 16 ಬಂದರೆ ಬಹಳ ಒಳ್ಳೆಯದು. ಆ 16ನ್ನು ಯಾರಾದರೂ ನೇರವಾಗಿ ಶೇಕಡಾ 80 ಎಂದು ಬರೆದರೆ ನಿನಗೆ ಅನ್ಯಾಯ. ಅಲ್ಲಿಯ ಗ್ರೇಡು ನಿನ್ನ ಸರಾಸರಿಗೆ ಸೇರುತ್ತದೋ, ಬರೀ ಪಾಸು-ಫೇಲು ಎಂದು ದಾಖಲಾಗುತ್ತದೋ, ಹೊರಡುವ ಮೊದಲೇ ಕೇಳಿಕೋ. ಬರೀ ಪಾಸು ಎಂದಾದರೆ ಕಷ್ಟದ ಪೇಪರನ್ನು ಧೈರ್ಯವಾಗಿ ಆರಿಸಬಹುದು.

ಪೇಪರು ಆರಿಸುವಾಗ ಐದು ಬೇಕಿದ್ದರೆ ಹತ್ತನ್ನು ಗುರುತಿಸು. ವೆಬ್‌ಸೈಟಿನ ಪಟ್ಟಿ ಹಲವು ಸಲ ಹಿಂದಿನ ವರ್ಷದ್ದು. ಕೆಲವು ಪೇಪರು ವರ್ಷ ಬಿಟ್ಟು ವರ್ಷ ನಡೆಯುತ್ತವೆ, ಕೆಲವು ಒಂದೇ ಸೆಮಿಸ್ಟರಿನಲ್ಲಿ. ಕೆಲವಕ್ಕೆ ಮೊದಲೇ ಓದಿರಬೇಕಾದ ಪೇಪರುಗಳಿರುತ್ತವೆ, ಕೆಲವನ್ನು ಎಕ್ಸ್‌ಚೇಂಜ್‌ನವರಿಗೆ ಕೊಡುವುದೇ ಇಲ್ಲ. ಹೆಸರು ಇಂಗ್ಲಿಷಿನಲ್ಲಿದ್ದು ಪಾಠ ಸ್ಥಳೀಯ ಭಾಷೆಯಲ್ಲಿ ನಡೆಯುವುದೂ ಉಂಟು. ಅಲ್ಲಿಗೆ ಹೋದ ಮೇಲೆ ಎರಡು ಪೇಪರು ಒಂದೇ ಹೊತ್ತಿಗೆ ಬಿದ್ದು ಒಂದು ಬಿಡಬೇಕಾಗುವುದಂತೂ ಮಾಮೂಲು. ಆದ್ದರಿಂದ ಹತ್ತರ ಸಿಲಬಸ್ಸನ್ನೂ ಇಳಿಸಿಕೊಂಡು, ಪ್ರತಿಯೊಂದರ ಎದುರಿಗೆ ನಿನ್ನ ಡಿಗ್ರಿಯ ಯಾವ ಪೇಪರಿಗೆ ಸಮ ಎಂದು ಬರೆದು, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸು. ಬಾಯಿಮಾತಿನ "ಆಯ್ತಮ್ಮ, ನೋಡೋಣ" ಲೆಕ್ಕಕ್ಕಿಲ್ಲ. ನೀನು ಮರಳುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು. ಯುರೋಪಿನ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಇದಕ್ಕೆಂದೇ ಲರ್ನಿಂಗ್ ಅಗ್ರಿಮೆಂಟ್ ಎಂಬ ಪತ್ರವಿದೆ: ನಿನ್ನದು, ತವರಿನದು, ಅಲ್ಲಿಯವರದು, ಮೂರು ಸಹಿ. ಅಲ್ಲಿ ಹೋಗಿ ಒಂದು ಪೇಪರು ಬದಲಿಸಿದರೂ ಮೂರೂ ಸಹಿ ಮತ್ತೆ ಬೇಕು. ನೀನು ಎರಾಸ್ಮಸ್‌ನಲ್ಲಿ ಹೋಗದಿದ್ದರೂ ಈ ಕ್ರಮವನ್ನೇ ಹಿಡಿ.

ವೀಸಾ ನಿನ್ನ ಪಾಸ್‌ಪೋರ್ಟನ್ನೂ ಹೋಗುವ ದೇಶವನ್ನೂ ಅವಲಂಬಿಸಿದ್ದು, ಹೆಚ್ಚು ಹೇಳಲಾರೆ. ಇಷ್ಟು ನೆನಪಿಡು. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಲ್ಲಿ ಅಲ್ಪಾವಧಿಯ ವೀಸಾ ಅಂದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಒಂದು ಸೆಮಿಸ್ಟರಿಗೆ ಅದು ಸಾಲದು. ಅಮೆರಿಕಕ್ಕಾದರೆ ಎಕ್ಸ್‌ಚೇಂಜ್‌ನವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಅದಕ್ಕೆ ಬೇಕಾದ ಡಿಎಸ್-2019 ಎಂಬ ಪತ್ರದಲ್ಲಿರುವ ಆರಂಭದ ದಿನಕ್ಕಿಂತ 30 ದಿನಕ್ಕೂ ಮೊದಲು ಒಳಗೆ ಬಿಡುವುದಿಲ್ಲ, ಟಿಕೆಟ್ ಕೊಳ್ಳುವ ಮುಂಚೆ ಆ ದಿನ ನೋಡು. ಜೆ-1ಕ್ಕೆ ವಿಮೆಯ ನಿಯಮವೂ ಕಟ್ಟುನಿಟ್ಟು: ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು, ನಿನ್ನ ಕೈಯಿಂದ ಮೊದಲು ಕಟ್ಟಬೇಕಾದ ಪಾಲು 500 ಡಾಲರ್ ಮೀರಬಾರದು. ಅಗ್ಗದ ಪ್ರವಾಸ ವಿಮೆ ಇದಕ್ಕೆ ನಿಲ್ಲದು. ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಅದೂ ವಿಚಾರಿಸಬೇಕಾದ್ದೇ. ಗಮನ ನಿಲ್ಲದ ತೊಂದರೆಗೆ (ಎಡಿಎಚ್‌ಡಿ) ಕೆಲವು ಕಡೆ ಕೊಡುವ, ಆಂಫೆಟಮಿನ್ ಇರುವ ಮಾತ್ರೆ ಜಪಾನಿನಲ್ಲಿ ವೈದ್ಯರ ಚೀಟಿ ಇದ್ದರೂ ನಿಷಿದ್ಧ.

ದುಡ್ಡನ್ನು ಮೂರು ಗಂಟಾಗಿ ಕಟ್ಟಿಕೋ: ಹೊರಡುವ ಮೊದಲಿನ ಖರ್ಚು, ಮೊದಲ ತಿಂಗಳಿನದು, ಆಮೇಲಿನ ತಿಂಗಳ ಖರ್ಚು. ಎಲ್ಲರೂ ಎಡವುವುದು ನಡುವಿನದರಲ್ಲಿ. ಬಾಡಿಗೆ, ಮುಂಗಡ, ಹಾಸಿಗೆ ಹೊದಿಕೆ, ಬಸ್ ಪಾಸು, ನೋಂದಣಿ, ಎಲ್ಲ ಒಟ್ಟಿಗೇ ಬರುತ್ತವೆ; ವಿದ್ಯಾರ್ಥಿವೇತನದ ಮೊದಲ ಕಂತು ಆ ಹೊತ್ತಿಗೆ ಬರದೇ ಇರಬಹುದು. ಎರಡು ತಿಂಗಳ ಖರ್ಚನ್ನು ಕೈಯಲ್ಲೇ ಇಟ್ಟುಕೊಂಡು ಹೋಗು.

ಹಾಸ್ಟೆಲ್ ಅರ್ಜಿ ಹಲವು ಕಡೆ ಪ್ರವೇಶದ ಅರ್ಜಿಗಿಂತ ಬೇರೆ, ಅದರ ಕೊನೆಯ ದಿನವೂ ಬೇರೆ. ಹೊರಗೆ ಮನೆ ಹುಡುಕಿದರೆ ಫೋಟೋ ನೋಡಿ ಮುಂಗಡ ಕಳಿಸಬೇಡ. ಹತ್ತು ದಿನಕ್ಕೆ ತಾತ್ಕಾಲಿಕ ಕೋಣೆ ಹಿಡಿದು, ಕಣ್ಣಾರೆ ನೋಡಿದ ಮೇಲೆ ಕೊಡು. ಜರ್ಮನಿಯಲ್ಲಿ ಮನೆ ಸೇರಿ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಅದನ್ನು ಕೊಡಲೊಪ್ಪದ ಮನೆ ಬೇಡ. ಮುಂಗಡ ವಾಪಸು ಬರುವುದು ನೀನು ಹೊರಟ ಎಷ್ಟೋ ವಾರಗಳ ಮೇಲೆ. ಅಲ್ಲಿಯ ಬ್ಯಾಂಕ್ ಖಾತೆಯನ್ನು ಹೊರಡುವ ಹಿಂದಿನ ದಿನ ಮುಚ್ಚಿದರೆ ಆ ದುಡ್ಡು ಎಲ್ಲಿಗೆ ಬರಬೇಕು? ತವರಿನ ಮೊಬೈಲ್ ನಂಬರನ್ನೂ ಜೀವಂತವಾಗಿಡು, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಮರಳುವ ವಾರ, ನೀನು ಬಂದ ದಿನ, ಹೊರಟ ದಿನ ಬರೆದ ದೃಢೀಕರಣ ಪತ್ರಕ್ಕೆ ಅಲ್ಲಿಯ ಕಚೇರಿಯಿಂದ ಸಹಿ ಹಾಕಿಸಿಕೋ. ವಿದ್ಯಾರ್ಥಿವೇತನದ ಕೊನೆಯ ಕಂತಿಗೆ ಅದನ್ನು ಕೇಳುವುದುಂಟು. ಅಲ್ಲಿಯ ಇಮೇಲ್ ಮುಚ್ಚುವ ಮೊದಲು ಸಿಲಬಸ್, ಅಸೈನ್‌ಮೆಂಟ್, ಪ್ರಾಧ್ಯಾಪಕರ ಪತ್ರಗಳನ್ನೆಲ್ಲ ಇಳಿಸಿಕೋ. ಪೇಪರಿನ ಸಮಾನತೆಯ ಬಗ್ಗೆ ತಕರಾರು ಎದ್ದರೆ ನಿನ್ನ ಪರವಾಗಿ ಮಾತಾಡುವವು ಅವೇ.

ಮೂರು ದೇಶಗಳನ್ನೂ ಸದ್ಯಕ್ಕೆ ಹಾಗೇ ಇಟ್ಟುಕೋ. ಮೂರು ಕಡೆಯ ಪೇಪರ್ ಪಟ್ಟಿ ಮತ್ತು ದಿನಾಂಕಗಳ ಹಾಳೆ ತಯಾರಾದ ಮೇಲೆ ನನಗೆ ಕಳಿಸು, ಕೂತು ನೋಡೋಣ.

ನಿನ್ನ
ದೊಡ್ಡಮ್ಮ