ಕೊನೆಗಾಲದ ಆರೈಕೆ ತಾಲ್ಲೂಕಿಗೂ ಬರಲಿ

ಮಾನ್ಯರೇ,

ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕಿದೆ ಎಂಬ ಸುಪ್ರೀಂ ಕೋರ್ಟ್ ತೀರ್ಪಿನ ಜಾರಿಗೆ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಆ ಆದೇಶದಂತೆ ವೆಂಟಿಲೇಟರ್ ತೆಗೆದ ಮೇಲೆ ನೋವು ನೋಡಿಕೊಳ್ಳುವವರು ಯಾರು? ಬೆಂಗಳೂರಿನಲ್ಲಾದರೆ ಕರುಣಾಶ್ರಯ ಇದೆ, ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ನಮ್ಮ ಕಡೆ ‘ಮನೆಗೆ ಕರ್ಕೊಂಡು ಹೋಗಿ’ ಅಂತ ಡಿಸ್ಚಾರ್ಜ್ ಚೀಟಿ ಕೊಟ್ಟರೆ ಮುಗೀತು. ಆಮೇಲೆ ಬೆನ್ನಿನ ಹುಣ್ಣು ತೊಳೆಯುವುದು, ನಡುರಾತ್ರಿ ಎದ್ದು ಮಗ್ಗುಲು ಬದಲಿಸುವುದು ಎಲ್ಲ ಹೆಂಡತಿಯದೋ ಸೊಸೆಯದೋ ಪಾಲು. ಅವರನ್ನು ಕೇಳುವವರೇ ಇಲ್ಲ. ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ದುಬಾರಿಯೇನಲ್ಲ, ಅದನ್ನು ಬಿಗಿಹಿಡಿದಿದ್ದ ಮಾದಕ ವಸ್ತು ಕಾನೂನೂ 2014ರಲ್ಲಿ ಸಡಿಲವಾಗಿದೆ. ಆದರೂ ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಾದರೂ ಅದು ಸಿಗಲಿ, ವಾರಕ್ಕೊಮ್ಮೆ ನರ್ಸ್ ಮನೆಗೆ ಬರಲಿ.

– ಒಬ್ಬ ಓದುಗ, ತಿಪಟೂರು